ಬೆರಳಿಗೆ ಮೂರು, ಕಣ್ಣಿಗೆ ಎಂಟು

ಇದು ಮೂರೋ, ಎಂಟೋ?

ಬೆರಳು ಮೂರು ಅನ್ನುತ್ತಿದೆ. ಉಕ್ಕಿನ ತಗಡಿನ ಮೇಲೆ ಅಚ್ಚೊತ್ತಿದ ಗೀರು ಉಗುರಿಗೆ ಸಿಗುತ್ತದೆ, ಎರಡು ಸಲ ಬಾಗುತ್ತದೆ, ನಿಲ್ಲುತ್ತದೆ. ಎಡಕ್ಕೆ ಗೀರಿಲ್ಲ, ಏನೋ ಒಣಗಿ ಅಂಟಿಕೊಂಡ ಹಾಗಿದೆ ಅಷ್ಟೆ. ಆದರೆ ಕ್ಯಾಮೆರಾದ ಪರದೆಯ ಮೇಲೆ ಎಂಟು ಕಾಣುತ್ತಿದೆ. ದುಂಡಗೆ ಮುಚ್ಚಿಕೊಂಡ, ಅನುಮಾನಕ್ಕೆ ಜಾಗವೇ ಕೊಡದ ಎಂಟು. ಇಷ್ಟು ಒಳ್ಳೆಯ ಕ್ಯಾಮೆರಾ ತಪ್ಪು ತೋರಿಸೀತೇ? ಅಥವಾ ಐವತ್ತಮೂರು ವರ್ಷದ ಬೆರಳ ತುದಿ ಗಡುಸಾಗಿ ಅದಕ್ಕೇ ತಿಳಿಯದೆ ಹೋಗುತ್ತಿದೆಯೇ?

ಸೋಮವಾರ ಬೆಳಿಗ್ಗೆ ಆರೂವರೆ. ಅಹಮದಾಬಾದಿನ ನರೋಡಾದಲ್ಲಿ ಬಾಗಿಲು ಹಾಕಿದ ಒಂದು ಬಣ್ಣದ ಕಾರ್ಖಾನೆಯ ಒಳಗೆ, ಆಳೆತ್ತರದ ಉಕ್ಕಿನ ಹಂಡೆಗೂ ಗೋಡೆಗೂ ನಡುವಿನ ಒಂದು ಗೇಣು ಸಂದಿಯಲ್ಲಿ ರಘುರಾಮ ದೇವಾಡಿಗರ ಬಲಗೈ ಹೆಗಲಿನವರೆಗೆ ಹೋಗಿದೆ. ಕೆನ್ನೆ ತಣ್ಣಗಿನ ಲೋಹಕ್ಕೆ ಒತ್ತಿದೆ. ಕಣ್ಣು ಮುಚ್ಚಿದ್ದಾರೆ. ಎಡಗೈಯಲ್ಲಿ ವಾರದ ಬಾಡಿಗೆಗೆ ತಂದ ಹೊಸ ಮಿರರ್‌ಲೆಸ್ ಕ್ಯಾಮೆರಾ ಇದೆ. ಅದು ಈ ಸಂದಿಯೊಳಗೆ ಹೋಗುವುದಿಲ್ಲ. ಸಂದಿಯ ತುದಿಯಲ್ಲಿ ನಿಂತು, ಲೆನ್ಸನ್ನು ಪೂರ್ತಿ ಎಳೆದು, ಓರೆಯಾಗಿ ಒಂದು ಫೋಟೋ ತೆಗೆದದ್ದಾಗಿದೆ. ಆ ಫೋಟೋದಲ್ಲೇ ಎಂಟು ಕಾಣುತ್ತಿರುವುದು.

ಆವಿ ತುಂಬಿಸಿ ಬಣ್ಣ ಬೇಯಿಸುವ ಹಂಡೆ ಇದು. ಎಷ್ಟು ಒತ್ತಡ ತಡೆಯುತ್ತದೆ ಎಂಬ ಅಂಕಿ ಅದರ ಪ್ಲೇಟಿನ ಮೇಲಿರುತ್ತದೆ. ಮೂರೂವರೆಯೋ, ಎಂಟೂವರೆಯೋ? ಹಂಡೆ ಮಾರಾಟಕ್ಕಿದೆ. ಮೂರೂವರೆಯದನ್ನು ಎಂಟೂವರೆ ಎಂದು ನಂಬಿ ಕೊಂಡವರು ಅಷ್ಟು ಆವಿ ಬಿಟ್ಟರೆ ಅದು ಒಡೆಯುತ್ತದೆ. ಕೊಳ್ಳುವ ಮೊದಲು ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ. ಮಾಡಿಸದೆ ಕೊಳ್ಳುವವರೂ ಇದ್ದಾರೆ ಎಂಬುದು ರಘುರಾಮರಿಗೆ ಗೊತ್ತು.

ಕೈ ಹೊರಗೆಳೆದು ಬೆರಳು ನೋಡಿಕೊಳ್ಳುತ್ತಾರೆ. ತುದಿ ಕೆಂಪಗಾಗಿದೆ. ರಕ್ತವಲ್ಲ, ಕುಂಕುಮ.

"ಪ್ರತಿ ದಸರಾಕ್ಕೆ ನಾನೇ ಹಚ್ಚೋದು" ಎನ್ನುತ್ತಾರೆ ಜೀವಣ್‌ಕಾಕಾ. ಹಿಂದೆ ಇದೇ ಹಂಡೆಯ ಆಪರೇಟರ್ ಆಗಿದ್ದವರು, ಈಗ ಖಾಲಿ ಕಾರ್ಖಾನೆಯ ಕಾವಲುಗಾರ. "ಹತ್ತೊಂಬತ್ತು ವರ್ಷ. ಎಣ್ಣೆಯಲ್ಲಿ ಕಲಸಿ, ಕೈ ಒಳಗೆ ಹಾಕಿ, ತಡವಿಕೊಂಡು ಹಚ್ಚೋದು. ಎಲ್ಲಿ ಬೀಳ್ತದೋ ಯಾರು ನೋಡಿದ್ದಾರೆ?"

"ನಿಮ್ಮ ಪೂಜೆಯಿಂದ ನನ್ನ ಕೆಲಸ ಕೆಟ್ಟಿತು ಕಾಕಾ."

"ಒರೆಸಿಬಿಡು ಮತ್ತೆ."

"ನೀವು ಒರೆಸ್ತೀರಾ?"

ಜೀವಣ್‌ಕಾಕಾ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ರಘುರಾಮರೂ ಒರೆಸುವುದಿಲ್ಲ. ಗುಜರಾತಿನ ಯಂತ್ರಗಳ ಹೆಸರಿನ ತಗಡುಗಳಲ್ಲಿ ಮುಕ್ಕಾಲು ಪಾಲು ಹೀಗೇ ಇರುತ್ತವೆ, ವರ್ಷ ವರ್ಷದ ಕುಂಕುಮ ಪದರ ಪದರವಾಗಿ ಅಂಕಿಗಳ ಮೇಲೆ ಕೂತು ಗಟ್ಟಿಯಾಗಿರುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಒಂದನ್ನೂ ಅವರು ಕೆರೆದಿಲ್ಲ. ಜೇಬಿನ ಪುಸ್ತಕ ತೆಗೆದು ಬರೆದುಕೊಳ್ಳುತ್ತಾರೆ: ಹಂಡೆ ನಂಬರ್ ನಾಲ್ಕು. ಬೆರಳಿಗೆ 3. ಫೋಟೋದಲ್ಲಿ 8.

ರಘುರಾಮರ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಹಳೆಯ ಯಂತ್ರಗಳನ್ನು ಮಾರುವವರು, ಬೆಂಕಿಯೋ ನೀರೋ ಹೊಕ್ಕ ಕಾರ್ಖಾನೆಗೆ ವಿಮೆಯ ಪರವಾಗಿ ಬರುವ ಸರ್ವೇಯರುಗಳು, ಯಂತ್ರಕ್ಕೆ ಬೆಲೆ ಕಟ್ಟಿ ವರದಿ ಬರೆಯುವ ಕಚೇರಿಗಳು, ಎಲ್ಲರಿಗೂ ಯಂತ್ರದ ಫೋಟೋ ಬೇಕು. ಯಂತ್ರದ ಮುಂಭಾಗವನ್ನು ಯಾರಾದರೂ ತೆಗೆಯುತ್ತಾರೆ. ತಳ, ಬೆನ್ನು, ಹೊಟ್ಟೆಯೊಳಗಿನ ತುಕ್ಕು, ಗೋಡೆಗೆ ಮುಖ ಮಾಡಿದ ಪ್ಲೇಟು ಬೇಕಾದಾಗ ಅವರಿಗೆ ಫೋನ್ ಬರುತ್ತದೆ. ದಿನಕ್ಕೆ ಇಪ್ಪತ್ತೈದು ಯಂತ್ರ, ಯಂತ್ರಕ್ಕೆ ಐದು ಫೋಟೋ. ವಾರದಲ್ಲಿ ಮೂರು ದಿನ ಅಹಮದಾಬಾದಿನಲ್ಲಿ ಸ್ಕೂಟರ್, ಒಂದು ದಿನ ವಡೋದರಾ, ಒಂದು ದಿನ ಸೂರತ್. ಮಣಿನಗರ ಸ್ಟೇಷನ್ನಿನಿಂದ ಹೋಗುವಾಗಲೂ ಮರಳಿ ಬರುವಾಗಲೂ ಹತ್ತುವ ರೈಲಿನ ಡಬ್ಬಿ ಬದಲಾಗಿಲ್ಲ. ಇದುವರೆಗಿನ ಯಂತ್ರಗಳ ಲೆಕ್ಕ ಲಕ್ಷ ದಾಟಿರಬೇಕು. ಯಾವ ಫೋಟೋದ ಕೆಳಗೂ ಅವರ ಹೆಸರಿಲ್ಲ.

ಬ್ರಹ್ಮಾವರದ ಹತ್ತಿರದ ಊರಿನಿಂದ ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿಗೆ ಬಂದದ್ದು ಭಾವ ಸುಬ್ಬರಾಯರ ಹೋಟೆಲಿಗೆ. ಮಣಿನಗರದ ಆ ಚಿಕ್ಕ ಹೋಟೆಲಿನಲ್ಲಿ ಹನ್ನೆರಡು ವರ್ಷ ಕಾಫಿ ಬೆರೆಸಿದರು, ದೋಸೆ ಎರೆದರು, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆಯೂ ಕೂತರು. ದಿನಾ ಬೆಳಿಗ್ಗೆ ಇಡ್ಲಿಗೆ ಬರುತ್ತಿದ್ದ ಒಬ್ಬ ಹಳೆ ಯಂತ್ರಗಳ ವ್ಯಾಪಾರಿಯ ಗೋದಾಮಿಗೆ ಒಂದು ದಿನ ತಿಂಡಿ ಕೊಡಲು ಹೋದಾಗ, ಅಲ್ಲಿ ಬಿಳಿ ಅಂಗಿಯ ಫೋಟೋಗ್ರಾಫರ್ ಒಬ್ಬ ಲೇಥಿನ ಕೆಳಗೆ ನುಗ್ಗುವುದಿಲ್ಲ ಎಂದು ಹಟ ಹಿಡಿದು ನಿಂತಿದ್ದ.

"ನನ್ನ ಅಂಗಿ ಹೇಗೂ ಸಾಂಬಾರಿನದ್ದೇ ಅಲ್ದಾ" ಎಂದು ನಗುತ್ತಾರೆ ರಘುರಾಮ. "ಕೊಡಿ ಕಾಂಬ ಅಂತ ಕ್ಯಾಮೆರಾ ತಕೊಂಡೆ. ಕೈ ಒಳಗೆ ಹಾಕಿದೆ, ಒತ್ತಿದೆ. ಎಂತ ಬಂದಿದೆ ಅಂತ ನನಗೇ ಗೊತ್ತಿಲ್ಲ. ನಂಬರು ಬಂದಿತ್ತು."

ಅಂದಿನಿಂದ ಇಂದಿನವರೆಗೆ ಅವರ ಕೈಯಲ್ಲಿ ಇದ್ದದ್ದು ಅಂಗೈಯಗಲದ ಕಾಂಪ್ಯಾಕ್ಟ್ ಕ್ಯಾಮೆರಾಗಳೇ. ಒಂದಾದ ಮೇಲೆ ಒಂದರಂತೆ ನಾಲ್ಕು. ನಾಲ್ಕನೆಯದು ಹನ್ನೊಂದು ವರ್ಷ ದುಡಿದು, ಕಳೆದ ತಿಂಗಳು ಲೆನ್ಸನ್ನು ಅರ್ಧ ಹೊರಚಾಚಿ ಹಾಗೆಯೇ ನಿಂತುಬಿಟ್ಟಿತು. ರಿಪೇರಿಯವರು ಬಿಡಿಭಾಗ ಬರುವುದಿಲ್ಲ ಎಂದರು.

ಫೋನ್ ಯಾಕಾಗದು ಎಂದು ಎಲ್ಲರೂ ಕೇಳುತ್ತಾರೆ. ರಾಸಾಯನಿಕ ಕಾರ್ಖಾನೆಗಳು ಗೇಟಿನಲ್ಲೇ ಫೋನ್ ಇಡಿಸಿಕೊಳ್ಳುತ್ತವೆ ಎಂಬುದು ಒಂದು ಕಾರಣ. ಅವರು ಹೇಳುವ ಇನ್ನೊಂದು ಕಾರಣ ಯೋಚಿಸುವಂಥದ್ದು. "ಫೋನು ತನಗೆ ಕಾಣದ್ದನ್ನು ತಾನೇ ತುಂಬಿಸಿ ಚಂದ ಮಾಡಿ ಕೊಡ್ತದೆ. ಮುಖಕ್ಕೆ ಅದು ಸರಿ. ಅಂಕಿಗೆ ಅಲ್ಲ."

ಹೊಸ ಕ್ಯಾಮೆರಾ ಕೊಳ್ಳಲೇಬೇಕು. ರಿಲೀಫ್ ರೋಡಿನ ಕಿರೀಟ್‌ಭಾಯಿಯ ಅಂಗಡಿಯಲ್ಲಿ ಎರಡು ಆಯ್ಕೆಗಳಿವೆ. ನೀರಿಗೂ ಧೂಳಿಗೂ ಜಗ್ಗದ, ವಸ್ತುವಿಗೆ ಒಂದು ಬೆರಳಗಲ ಹತ್ತಿರ ಹೋದರೂ ಸ್ಪಷ್ಟವಾಗಿ ತೆಗೆಯುವ ಒಂದು ಕಾಂಪ್ಯಾಕ್ಟ್. ಮತ್ತು ಕಲಿಯುವವರು ಮೊದಲು ಕೊಳ್ಳುವಂಥ, ಲೆನ್ಸ್ ಬದಲಾಯಿಸಬಹುದಾದ ಒಂದು ಮಿರರ್‌ಲೆಸ್. ಬೆಲೆಯಲ್ಲಿ ಅಂಥ ಅಂತರವಿಲ್ಲ. ಫೋನುಗಳು ಬಂದ ಮೇಲೆ ಕಾಂಪ್ಯಾಕ್ಟ್ ಕೇಳುವವರೇ ಇಲ್ಲ, ಇದು ನನ್ನಲ್ಲಿರುವ ಕೊನೆಯದು ಎನ್ನುತ್ತಾರೆ ಕಿರೀಟ್‌ಭಾಯಿ. ರಘುರಾಮರ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ವಸ್ತ್ರಾಪುರದ ಒಂದು ಬೆಲೆ ಕಟ್ಟುವ ಕಚೇರಿಯಿಂದ. ಅದರ ಮುಖ್ಯ ಕಚೇರಿ, ಮುಂದಿನ ತಿಂಗಳಿನಿಂದ ಫೋಟೋಗಳೆಲ್ಲ ಲೆನ್ಸ್ ಬದಲಾಯಿಸುವ ದೊಡ್ಡ ಕ್ಯಾಮೆರಾದಲ್ಲೇ ಇರಬೇಕು ಎಂದು ಪತ್ರ ಕಳಿಸಿದೆ. ಹಾಗಾಗಿ ಅದೇ ಅಂಗಡಿಯಿಂದ ಮಿರರ್‌ಲೆಸ್ ಬಾಡಿಗೆಗೆ ತಂದ ಈ ವಾರ ಪರೀಕ್ಷೆಯ ವಾರ. ಶನಿವಾರದೊಳಗೆ ತೀರ್ಮಾನವಾಗಬೇಕು.

ಮಂಗಳವಾರ ವಡೋದರಾದಲ್ಲಿ ಮಿರರ್‌ಲೆಸ್ ಗೆಲ್ಲುತ್ತದೆ. ಕಿಟಕಿಯೇ ಇಲ್ಲದ ಉದ್ದನೆಯ ಶೆಡ್ಡು, ಕರೆಂಟು ಕಡಿದು ವರ್ಷವಾಗಿದೆ. ಕಾಂಪ್ಯಾಕ್ಟ್ ಆಗಿದ್ದರೆ ಇಂಥಲ್ಲಿ ರವೆ ಚೆಲ್ಲಿದಂತೆ ಚುಕ್ಕಿ ಚುಕ್ಕಿಯ ಫೋಟೋ ಬರುತ್ತಿತ್ತು. ಇದರ ಸೆನ್ಸರ್ ದೊಡ್ಡದು, ಇರುವಷ್ಟೇ ಬೆಳಕನ್ನು ಸೋಸಿ ಹೀರಿಕೊಳ್ಳುತ್ತದೆ. ಸಾಲಾಗಿ ನಿಂತ ಹದಿನಾಲ್ಕು ಯಂತ್ರಗಳು, ಮೇಲಿನ ತಗಡಿನ ತೂತುಗಳಿಂದ ಇಳಿದ ಬೆಳಕಿನ ಕೋಲುಗಳು, ನೆಲದ ಎಣ್ಣೆಯ ಹೊಳಪು, ಎಲ್ಲವೂ ಒಂದೇ ಫೋಟೋದಲ್ಲಿ ಬರುತ್ತವೆ. ರಘುರಾಮ ಪರದೆಯನ್ನು ಬಹಳ ಹೊತ್ತು ನೋಡುತ್ತಾರೆ. ಎರಡನೇ ಸಲ ತೆಗೆಯುವ ಅಗತ್ಯವಿಲ್ಲ. ಆದರೂ ತೆಗೆಯುತ್ತಾರೆ.

ಗೇಟಿನಲ್ಲೂ ಗೆಲುವು. "ಇಷ್ಟು ವರ್ಷ 'ಏಯ್, ಕಿಧರ್' ಅಂತ ನಿಲ್ಲಿಸ್ತಿದ್ದ ವಾಚ್‌ಮನ್ ಇವತ್ತು 'ಆಯಿಯೇ ಸಾಹೇಬ್' ಅಂದ ಮಾರಾಯ್ರೆ. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದ್ರೂ ಬಂದ್ರಾ ಅಂತ. ಕುತ್ತಿಗೆಯಲ್ಲಿ ಇಂಥದ್ದು ನೇತಾಡಿದ್ರೆ ಗೇಟು ತಾನೇ ತೆರೀತದೆ."

ಬುಧವಾರ ವಸ್ತ್ರಾಪುರದ ಕಚೇರಿಯಲ್ಲಿ ನರೋಡಾದ ಹಂಡೆ ದೊಡ್ಡ ಪರದೆಯ ಮೇಲೆ ಬರುತ್ತದೆ. ವರದಿ ಬರೆಯುವವರು ಎಂಜಿನಿಯರ್ ಪ್ರತೀಕ್ಷಾ. ದಾವಣಗೆರೆಯವರು, ವಸ್ತ್ರಾಪುರದ ಕೆರೆಯ ಹತ್ತಿರ ಗೆಳತಿಯರ ಜೊತೆ ಬಾಡಿಗೆ ಫ್ಲಾಟಿನಲ್ಲಿದ್ದಾರೆ. ರಘುರಾಮರ ಜೊತೆ ಕನ್ನಡ ಮಾತಾಡುವ ಅರ್ಧ ಗಂಟೆಗೆ ವಾರವಿಡೀ ಕಾಯುತ್ತೇನೆ ಎಂದು ಅವರೇ ಹೇಳುತ್ತಾರೆ. ಈ ದಿನ ಆ ಅರ್ಧ ಗಂಟೆ ಜಗಳಕ್ಕೆ ಹೋಗುತ್ತದೆ.

"ಅಣ್ಣಾ, ಎಂಟೇ ಐತಲ್ರಿ. ಇಷ್ಟು ಕ್ಲಿಯರ್ ಫೋಟೋ ನೀವು ನನಗೆ ಯಾವತ್ತೂ ಕೊಟ್ಟಿಲ್ಲ."

"ಫೋಟೋ ಕ್ಲಿಯರ್ ಉಂಟು. ಅಂಕಿ ಮೂರು."

"ಹಂಗಾದ್ರೆ ಏನಂತ ಬರೀಲಿ? ರಘುರಾಮಣ್ಣನ ಬೆರಳು ಹೇಳ್ತು ಅಂತನಾ?"

"ಬರೀಬೇಡಿ. ಶುಕ್ರವಾರದವರೆಗೆ ಆ ಜಾಗ ಖಾಲಿ ಬಿಡಿ."

"ಶುಕ್ರವಾರ ಸಂಜೆ ರಿಪೋರ್ಟ್ ಹೋಗಬೇಕ್ರೀ. ಖಾಲಿ ಬಿಟ್ರೆ ಹೆಡ್ ಆಫೀಸಿನೋರು ನನ್ನ ಕುರ್ಚಿನೇ ಖಾಲಿ ಮಾಡಿಸ್ತಾರೆ."

"ನಿಮ್ಮ ಕುರ್ಚಿಗೆ ಎಂತ ಆಗುದಿಲ್ಲ ಮೇಡಮ್ಮೋರೆ. ಆ ಹಂಡೆ ಪಕ್ಕ ನಿಂತು ಕೆಲಸ ಮಾಡುವವರಿಗೆ ಕುರ್ಚಿಯೇ ಇಲ್ಲ."

ಪ್ರತೀಕ್ಷಾ ನಗಲು ಹೋಗಿ ನಿಲ್ಲಿಸುತ್ತಾರೆ. ಕೀಬೋರ್ಡಿನ ಮೇಲಿದ್ದ ಕೈ ತೆಗೆದು, ವರದಿಯ ಆ ಒಂದು ಜಾಗವನ್ನು ಖಾಲಿ ಬಿಡುತ್ತಾರೆ. ಆಮೇಲೆ ಮೆಲ್ಲಗೆ, "ಆದ್ರೆ ಕ್ಯಾಮೆರಾ ಮಾತ್ರ ದೊಡ್ಡದೇ ತಗೋರಿ ಅಣ್ಣಾ. ಇಲ್ಲಾಂದ್ರೆ ನಿಮ್ಮ ಕೆಲಸ ಬೇರೆಯೋರಿಗೆ ಹೋಗ್ತದೆ. ನಾನು ತಡೆಯಾಕ ಆಗಂಗಿಲ್ಲ" ಎನ್ನುತ್ತಾರೆ. ರಘುರಾಮ ತಲೆಯಾಡಿಸುತ್ತಾರೆ. ಹೌದು ಎಂದೋ, ಕೇಳಿಸಿತು ಎಂದೋ, ತಿಳಿಯುವುದಿಲ್ಲ.

ಗುರುವಾರ ಸೂರತ್. ಬಟ್ಟೆಗೆ ಬಣ್ಣ ಹಾಕುವ ಘಟಕ, ಪಕ್ಕದಲ್ಲೇ ಮಗ್ಗಗಳು. ಗಾಳಿಯಲ್ಲಿ ನೂಲಿನ ಧೂಳು ಹಿಮದಂತೆ ತೇಲುತ್ತದೆ. ಇಲ್ಲಿ ಲೆನ್ಸ್ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಸೆನ್ಸರಿನ ಮೇಲೆ ಧೂಳು ಕೂರುತ್ತದೆ. ಹತ್ತಿರ ಹೋದರೆ ಜೊತೆಗೆ ಬಂದ ಲೆನ್ಸ್ ಫೋಕಸ್ ಮಾಡುವುದಿಲ್ಲ, ಒಂದು ಗೇಣು ಹಿಂದೆ ಸರಿ ಎನ್ನುತ್ತದೆ. ಹಿಂದೆ ಸರಿಯಲು ಬೆನ್ನಿಗೆ ಪೈಪು. ದುಂಡನೆಯ ಹಂಡೆಗೆ ಬಾಗಿಸಿ ಜಡಿದ ಪ್ಲೇಟಿನಲ್ಲಿ ನಡುವಿನ ಅಕ್ಷರ ಸ್ಪಷ್ಟ, ಎರಡು ತುದಿ ಮಸುಕು. ಲೆನ್ಸಿನ ಕಿಂಡಿ ಕಿರಿದು ಮಾಡಿ ಅದನ್ನು ಸರಿಪಡಿಸುವ ದಾರಿ ಕ್ಯಾಮೆರಾದಲ್ಲಿದೆ, ಅವರು ಅದನ್ನು ಕಲಿತೂ ಇದ್ದಾರೆ. ಹಾಗೆ ಮಾಡಿದರೆ ಬೆಳಕು ಸಾಲುವುದಿಲ್ಲ, ಕೈ ಅಲುಗಿದರೆ ಎಲ್ಲವೂ ಮಸುಕು.

"ಇದರದ್ದು ತಪ್ಪಲ್ಲ" ಎನ್ನುತ್ತಾರೆ, ಬೆವರು ಒರೆಸಿಕೊಳ್ಳುತ್ತ. "ಇದಕ್ಕೆ ಎರಡು ಕೈ ಬೇಕು. ಎರಡೂ ಇದಕ್ಕೇ ಕೊಟ್ಟರೆ ಟಾರ್ಚ್ ಹಿಡಿಯುವವರು ಯಾರು?"

ಅವರ ಕೆಲಸದ ಗುಟ್ಟು ಇರುವುದು ಆ ಟಾರ್ಚಿನಲ್ಲಿ. ಪೆನ್ನಿನಷ್ಟೇ ಗಾತ್ರದ್ದು. ಬೆಳಕನ್ನು ಪ್ಲೇಟಿಗೆ ನೇರವಾಗಿ ಬಿಟ್ಟರೆ ಕುಂಕುಮವೂ ಅಂಕಿಯೂ ಒಂದೇ ಕಪ್ಪಾಗಿ ಕಾಣುತ್ತವೆ. ಪಕ್ಕದಿಂದ, ಪ್ಲೇಟಿಗೆ ತಾಗಿಸಿಯೇ ಹಿಡಿದರೆ ಅಚ್ಚೊತ್ತಿದ ಗೀರಿನೊಳಗೆ ನೆರಳು ಬೀಳುತ್ತದೆ. ಮೇಲೆ ಅಂಟಿದ ಕುಂಕುಮಕ್ಕೆ ಆ ಆಳವಿಲ್ಲ, ಅದು ಬೆಳಗಿಬಿಡುತ್ತದೆ. ಆಗ ಅಂಕಿ ತಾನಾಗಿ ಬೇರೆಯಾಗಿ ನಿಲ್ಲುತ್ತದೆ. ಒರೆಸದೆ ಓದುವ ಈ ಕ್ರಮವನ್ನು ಅವರಿಗೆ ಯಾರೂ ಕಲಿಸಿಲ್ಲ.

ಗುರುವಾರ ಸಂಜೆ ಸೂರತ್ತಿನಿಂದ ಬಂದವರು ಮನೆಗೆ ಹೋಗುವ ಮೊದಲು ರಿಲೀಫ್ ರೋಡಿಗೆ ಹೋಗಿ, ಕಿರೀಟ್‌ಭಾಯಿಯಲ್ಲಿದ್ದ ಆ ಕೊನೆಯ ಕಾಂಪ್ಯಾಕ್ಟನ್ನು ಒಂದು ದಿನಕ್ಕೆ ಕೇಳಿ ಪಡೆಯುತ್ತಾರೆ. ಮನೆಯಲ್ಲಿ ಮೇಜಿನ ಮೇಲೆ ಎರಡು ಕ್ಯಾಮೆರಾಗಳನ್ನು ನೋಡಿ ಹೆಂಡತಿ ಕಮಲಾ, "ಹ್ವಾಯ್, ಒಂದ್ ತರೂಕೆ ಹೋಗಿ ಎರಡ್ ತಂದ್ರ್ಯಾ?" ಎಂದು ಕೇಳುತ್ತಾರೆ. ಕಮಲಾ ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಸುತ್ತಲಿನ ನಲವತ್ತು ಮನೆಗಳಿಗೆ ಕೊಡುತ್ತಾರೆ. ಗ್ರೈಂಡರ್ ಕೊಳ್ಳುವಾಗ ಅಂಗಡಿಯವನು ಹೇಳಿದ್ದನ್ನು ಕೇಳದೆ ಅಕ್ಕಿ ತಕ್ಕೊಂಡು ಹೋಗಿ ಅಲ್ಲೇ ರುಬ್ಬಿಸಿ ನೋಡಿದವರು. "ನೀವೂ ಹಾಂಗೇ ಮಾಡಿ. ಕೆಲ್ಸ ಕೊಟ್ ಕಾಣಿ" ಎನ್ನುವುದಷ್ಟೇ ಅವರ ಸಲಹೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮತ್ತೆ ನರೋಡಾ. ಜೀವಣ್‌ಕಾಕಾ ಬಾಗಿಲು ತೆಗೆಯುತ್ತಲೇ, "ಇನ್ನೂ ಓದಿ ಮುಗಿದಿಲ್ವಾ?" ಎಂದು ಕೆಣಕುತ್ತಾರೆ. ರಘುರಾಮ ಮೊದಲು ಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಾರೆ. ಅಂಗಿಯ ತೋಳನ್ನು ಹೆಗಲಿನವರೆಗೆ ಮಡಚುತ್ತಾರೆ. ಆಮೇಲೆ ಹಂಡೆಯನ್ನು ಎರಡೂ ಕೈಗಳಿಂದ ತಬ್ಬಿಕೊಳ್ಳುತ್ತಾರೆ. ಒಂದು ಬದಿಯಿಂದ ಟಾರ್ಚ್ ಹಿಡಿದ ಎಡಗೈ, ಇನ್ನೊಂದು ಬದಿಯಿಂದ ಕಾಂಪ್ಯಾಕ್ಟ್ ಹಿಡಿದ ಬಲಗೈ. ಎರಡು ಕೈಗಳೂ ಹಂಡೆಯ ಹಿಂದೆ, ಅವರಿಗೆ ಕಾಣದ ಕಡೆ, ಒಂದನ್ನೊಂದು ಹುಡುಕುತ್ತವೆ. ಪರದೆ ನೋಡುವ ಮಾತೇ ಇಲ್ಲ. ಉಸಿರು ಬಿಗಿ ಹಿಡಿದಿದ್ದಾರೆ. ಕಾರ್ಖಾನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ ಗುಂಡಿ ಒತ್ತಿದ ಸಣ್ಣ ಸದ್ದು ಗೋಡೆಗೆ ತಾಗಿ ಮರಳಿ ಬರುತ್ತದೆ. ಹನ್ನೊಂದು ಸಲ ಒತ್ತುತ್ತಾರೆ, ಪ್ರತಿ ಸಲ ಟಾರ್ಚನ್ನು ಒಂದು ಕೂದಲೆಳೆ ತಿರುಗಿಸುತ್ತ.

ಹೊರಬಂದು ನೋಡಿದರೆ ಮೊದಲ ಎಂಟು ಫೋಟೋಗಳಲ್ಲಿ ಏನೂ ಇಲ್ಲ. ಬಿಳಿ ಹೊಳಪು, ಗೋಡೆಯ ಮೂಲೆ, ಅವರದ್ದೇ ಹೆಬ್ಬೆರಳು. ಒಂಬತ್ತನೆಯದರಲ್ಲಿ ಪ್ಲೇಟು ಅಂಚಿನಿಂದ ಅಂಚಿಗೆ ಬಂದಿದೆ. ನೆರಳು ತುಂಬಿದ ಗೀರು ಎರಡು ಸಲ ಬಾಗಿ ನಿಂತಿದೆ. ಅದರ ಎಡಕ್ಕೆ, ಬಾಯಿ ಮುಚ್ಚುವಂತೆ, ಬೆರಳಗಲದ ಒಂದು ಕೆಂಪು ಬಳುಕು.

ಮೂರು.

ಜೀವಣ್‌ಕಾಕಾ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಹತ್ತೊಂಬತ್ತು ವರ್ಷ ತಾವು ಕುಂಕುಮ ಹಚ್ಚಿದ ಜಾಗವನ್ನು ಅವರು ನೋಡುತ್ತಿರುವುದು ಇದೇ ಮೊದಲು. "ನನ್ನ ಬೆರಳು ಅದು" ಎನ್ನುತ್ತಾರೆ, ಕೆಂಪು ಬಳುಕನ್ನು ತೋರಿಸಿ.

ಆ ದಿನ ಹತ್ತು ಗಂಟೆಗೆ ಪ್ರತೀಕ್ಷಾ ಖಾಲಿ ಬಿಟ್ಟಿದ್ದ ಜಾಗದಲ್ಲಿ ಮೂರೂವರೆ ಎಂದು ತುಂಬುತ್ತಾರೆ. ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಮುಖ್ಯ ಕಚೇರಿಗೆ ಕಳಿಸುತ್ತಾರೆ, ಜೊತೆಗೆ ಏನೋ ಉದ್ದವಾಗಿ ಬರೆಯುತ್ತಾರೆ. ಮಧ್ಯಾಹ್ನ ಬಂದ ಉತ್ತರ ಎರಡೇ ಸಾಲಿನದು. ಪ್ಲೇಟು ಮತ್ತು ಒಳಭಾಗದ ಫೋಟೋಗಳಿಗೆ ರಘುರಾಮ ತಮಗೆ ಸರಿ ಕಂಡ ಕ್ಯಾಮೆರಾ ಬಳಸಬಹುದು. ಶೆಡ್ಡುಗಳ ದೊಡ್ಡ ಫೋಟೋಗಳಿಗೆ ಬೇರೆಯವರನ್ನು ಕಳಿಸಲಾಗುವುದು.

"ಬೇಜಾರಾ ಅಣ್ಣಾ?" ಎಂದು ಪ್ರತೀಕ್ಷಾ ಕೇಳುತ್ತಾರೆ. "ಎರಡನೇ ಸಾಲಿಗೆ?"

"ಎಂತ ಬೇಜಾರು? ಶೆಡ್ಡು ಎಲ್ಲರಿಗೂ ಕಾಣ್ತದೆ."

ಶನಿವಾರ ರಿಲೀಫ್ ರೋಡಿನ ಅಂಗಡಿಯಲ್ಲಿ ಗಾಜಿನ ಮೇಲೆ ಎರಡೂ ಕ್ಯಾಮೆರಾಗಳಿವೆ. ರಘುರಾಮ ಕಾಂಪ್ಯಾಕ್ಟನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

"ಪಕ್ಕಾ?" ಎನ್ನುತ್ತಾರೆ ಕಿರೀಟ್‌ಭಾಯಿ. "ರಘುಭಾಯ್, ಜನ ಚಿಕ್ಕದರಿಂದ ದೊಡ್ಡದಕ್ಕೆ ಹೋಗ್ತಾರೆ. ನೀನೊಬ್ಬ ದೊಡ್ಡದನ್ನು ನೋಡಿ ಚಿಕ್ಕದಕ್ಕೆ ಬಂದೆ."

"ನಾನು ಕೈ ಹಾಕುವ ಜಾಗ ಚಿಕ್ಕದು ಕಿರೀಟ್‌ಭಾಯಿ. ಅಲ್ಲಿ ಇನ್ನೊಬ್ಬ ಹೋಗುದಿಲ್ಲ."

ಇಷ್ಟು ಗಟ್ಟಿ ದನಿಯಲ್ಲಿ ಅವರು ಮಾತಾಡಿದ್ದು ವಾರದಲ್ಲಿ ಇದೊಂದೇ ಸಲ. ಇನ್ನು ಹತ್ತು ವರ್ಷ ಈ ಕೈ ನಡುಗದೆ ಇದ್ದರೆ ಸಾಕು, ಬೇರೆ ಆಸೆ ಇಲ್ಲ ಎಂದೂ ಹೇಳುತ್ತಾರೆ. ಕಾಂಪ್ಯಾಕ್ಟನ್ನು ಅಂಗಿಯ ಜೇಬಿಗೆ ಇಳಿಸುತ್ತಾರೆ. ಅದು ಅಲ್ಲಿ ಸರಿಯಾಗಿ ಕೂರುತ್ತದೆ.

ಬಾಡಿಗೆಯದನ್ನು ಒಪ್ಪಿಸುವ ಮೊದಲು ಕಾರ್ಡು ಖಾಲಿ ಮಾಡಬೇಕು. ಕಿರೀಟ್‌ಭಾಯಿ ಒಂದೊಂದೇ ಫೋಟೋ ಸರಿಸುತ್ತ ಹೋಗಿ ಒಂದರ ಮೇಲೆ ನಿಲ್ಲುತ್ತಾರೆ. ಇದು ಯಂತ್ರದ ಫೋಟೋ ಅಲ್ಲ. ಬುಧವಾರ ಮುಂಜಾನೆ, ಮಣಿನಗರದ ಮನೆಯ ಅಡುಗೆಮನೆ. ಕಮಲಾ ಮೊಣಕೈಯವರೆಗೆ ಹಿಟ್ಟು ಮೆತ್ತಿಕೊಂಡು, ಕಿಟಕಿಯ ಬೆಳಕಿಗೆ ಅರ್ಧ ಮುಖ ತಿರುಗಿಸಿ, ಯಾರಿಗೋ ಏನೋ ಹೇಳುತ್ತಿದ್ದಾರೆ. ಹಿಂದಿನ ಡಬ್ಬಿ, ಗೋಡೆ, ನಲ್ಲಿ ಎಲ್ಲ ಮೆತ್ತಗೆ ಕರಗಿಹೋಗಿವೆ. ಕಣ್ಣ ಪಕ್ಕದ ಒಂದೊಂದು ಗೆರೆಯೂ ಕಾಣುತ್ತದೆ.

"ಯಾರು ತೆಗೆದದ್ದು? ನೀನಾ?"

"ಟೆಸ್ಟಿಗೆ ತೆಗೆದೆ."

"ಇಂಥದ್ದು ತೆಗೆಯೋನು ಇದನ್ನ ವಾಪಸ್ ಕೊಡ್ತಿದ್ದೀಯಾ?"

ರಘುರಾಮ ಆ ಒಂದು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಡಲು ಹೇಳುತ್ತಾರೆ. ಕಾಯುತ್ತ, ಬಾಡಿಗೆ ಕ್ಯಾಮೆರಾದ ಲೆನ್ಸಿನ ಗಾಜನ್ನು ತಮ್ಮ ಕರವಸ್ತ್ರದ ಶುಭ್ರವಾದ ಮೂಲೆಯಿಂದ ಎರಡು ಸಲ ಒರೆಸುತ್ತಾರೆ, ಮುಚ್ಚಳ ಹಾಕುತ್ತಾರೆ, ಪಟ್ಟಿಯನ್ನು ಸುತ್ತಿ ಗಾಜಿನ ಮೇಲೆ ಇಡುತ್ತಾರೆ.

ಆ ಕ್ಯಾಮೆರಾ ತಮಗೆ ಬೇಕಾಗಿತ್ತು ಎಂದು ಅವರು ಕಿರೀಟ್‌ಭಾಯಿಗೆ ಹೇಳಲಿಲ್ಲ, ಪ್ರತೀಕ್ಷಾಗೆ ಹೇಳಲಿಲ್ಲ, ಕಮಲಾ ಅವರಿಗೂ ಹೇಳಲಿಲ್ಲ.